ಬಂದೂಕು ಲೈಸೆನ್ಸ್ ಮೇಲ್ಮನವಿ: ಮುಚ್ಚಿದ ಲಕೋಟೆಯಲ್ಲಿರುವ ಪೊಲೀಸ್ ವರದಿಯನ್ನು ಕೇಳಿ ಪಡೆಯುವುದು ಹೇಗೆ?

ಕಿರಿಯ_ವಕೀಲ

ಬೆಳೆ ರಕ್ಷಣೆಗೆಂದು ಕೊಟ್ಟಿದ್ದ ಒಂಟಿ ನಳಿಕೆ ಬಂದೂಕಿನ ಲೈಸೆನ್ಸ್ ನವೀಕರಣವನ್ನು ಜಿಲ್ಲಾ ದಂಡಾಧಿಕಾರಿಗಳು ನಿರಾಕರಿಸಿದ್ದಾರೆ. ಆದೇಶದಲ್ಲಿ ಕಾರಣ ಅಂತ ಇರುವುದು ಒಂದೇ ಸಾಲು: ಪೊಲೀಸ್ ವರದಿ ಪ್ರತಿಕೂಲವಾಗಿದೆ, ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ನವೀಕರಿಸಲು ಬರುವುದಿಲ್ಲ. ಮೇಲ್ಮನವಿಯನ್ನು ಅವಧಿಯೊಳಗೇ ಹಾಕಿದ್ದೇವೆ. ಈಗ ಎದುರು ಕಡೆಯವರು ಮೇಲ್ಮನವಿ ಪ್ರಾಧಿಕಾರಕ್ಕೆ ಮುಚ್ಚಿದ ಲಕೋಟೆ ಕೊಟ್ಟು, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 129 ಮತ್ತು 130ರಡಿ ಇದು ಗೌಪ್ಯ, ಪ್ರತಿ ಕೊಡಲಾಗದು ಎಂದು ಒಂದು ಮೆಮೊ ಹಾಕಿದ್ದಾರೆ. ಮೆಮೊಗೆ ಸಹಿ ಠಾಣೆಯ ಇನ್‌ಸ್ಪೆಕ್ಟರ್‌ದು.

ಕಕ್ಷಿದಾರರ ಮೇಲೆ ಹಿಂದೆ ಒಂದು ಎಫ್‌ಐಆರ್ ಇತ್ತು, ಗದ್ದೆ ಬದುವಿನ ಜಗಳ. ಅದರಲ್ಲಿ ‘ಬಿ’ ರಿಪೋರ್ಟ್ (ಆರೋಪಪಟ್ಟಿ ಹಾಕದೆ ತನಿಖೆ ಮುಗಿಸುವ ಪೊಲೀಸ್ ವರದಿ) ಆಗಿ ಮ್ಯಾಜಿಸ್ಟ್ರೇಟ್ ಒಪ್ಪಿಯೂ ಆಗಿದೆ. ಅದರಾಚೆಗೆ ಲಕೋಟೆಯಲ್ಲಿ ಏನಿದೆಯೋ ಗೊತ್ತಿಲ್ಲ.

ಆ ಕಾಗದಗಳನ್ನು ಯಾವ ಆಧಾರದ ಮೇಲೆ, ಯಾವ ರೂಪದಲ್ಲಿ ಕೇಳಬೇಕು? ಪೂರ್ತಿ ಸಿಗದಿದ್ದರೆ ಕನಿಷ್ಠ ಏನು ಸಿಗಬೇಕು? ಆರ್‌ಟಿಐ ಹಾಕುವುದರಿಂದ ಪ್ರಯೋಜನ ಇದೆಯೇ?

ರಿಟ್_ರಾಯರು

ಮೊದಲು ಮೂರು ಸಂಗತಿಗಳನ್ನು ಬಿಡಿಸಿಕೊಳ್ಳಿ. ಕಾರಣ ತಿಳಿಸದಿರುವುದು ಬೇರೆ, ದಾಖಲೆಯ ಪ್ರತಿ ಕೊಡದಿರುವುದು ಬೇರೆ, ನಿಮಗೆ ತೋರಿಸದ ದಾಖಲೆಯನ್ನು ನಂಬಿ ನಿಮ್ಮ ವಿರುದ್ಧ ತೀರ್ಮಾನಿಸುವುದು ಬೇರೆ. ಕಚೇರಿಗಳು ಮೂರನ್ನೂ ‘ಗೌಪ್ಯ’ ಅನ್ನುವ ಒಂದೇ ಪದದಡಿ ಮುಚ್ಚಿಬಿಡುತ್ತವೆ. ಅರ್ಜಿ ಬರೆಯುವ ವಕೀಲರೂ ಮೂರನ್ನು ಕಲಸಿ ಬರೆದರೆ, ಬರುವ ಆದೇಶವೂ ಕಲಸಿಕೊಂಡೇ ಬರುತ್ತದೆ.

ಕಾರಣದ ವಿಷಯ. ಆಯುಧ ಅಧಿನಿಯಮ 1959ರ ಕಲಂ 14(3) ನೋಡಿ. ನಿರಾಕರಿಸುವ ಪ್ರಾಧಿಕಾರ ಕಾರಣಗಳನ್ನು ಬರಹದಲ್ಲಿ ದಾಖಲಿಸಲೇಬೇಕು, ಅರ್ಜಿದಾರ ಕೇಳಿದರೆ ಸಂಕ್ಷಿಪ್ತ ಹೇಳಿಕೆ ಕೊಡಬೇಕು. ಹೇಳಿಕೆ ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂದು ಪ್ರಾಧಿಕಾರಕ್ಕೆ ಅಭಿಪ್ರಾಯ ಬಂದರೆ ಮಾತ್ರ ವಿನಾಯಿತಿ. ಕಲಂ 15(3) ಮೂಲಕ ಇದೇ ನಿಯಮ ನವೀಕರಣಕ್ಕೂ ಬರುತ್ತದೆ. ಅಮಾನತು, ರದ್ದತಿಯಾದರೆ ಕಲಂ 17(5), ಹೆಚ್ಚೂಕಡಿಮೆ ಅದೇ ಮಾತು. ಇಲ್ಲಿ ಎರಡು ಎಡೆಗಳಲ್ಲಿ ಎಡವುತ್ತಾರೆ. ಒಂದು, ‘ಕೇಳಿದರೆ’ ಅಂತ ಇದ್ದರೂ ಯಾರೂ ಕೇಳಿರುವುದಿಲ್ಲ. ನೀವು ಬರಹದಲ್ಲಿ ಕೇಳಿ ಸ್ವೀಕೃತಿ ಪಡೆದಿಲ್ಲವಾದರೆ ಇವತ್ತೇ ಕೊಡಿ. ಎರಡು, ಸಾರ್ವಜನಿಕ ಹಿತದ ಆ ಅಭಿಪ್ರಾಯ ಕಡತದಲ್ಲಿ ಇರಬೇಕು, ಆದೇಶದ ದಿನ ಅಥವಾ ಅದಕ್ಕೂ ಮುಂಚಿನ ಟಿಪ್ಪಣಿ ಹಾಳೆಯಲ್ಲಿ. ಮೇಲ್ಮನವಿ ಬಂದ ಮೇಲೆ ಹುಟ್ಟಿದ ಅಭಿಪ್ರಾಯ ಲೆಕ್ಕಕ್ಕಿಲ್ಲ. ಶಾಸನಬದ್ಧ ಆದೇಶ ಅದರಲ್ಲೇ ಬರೆದ ಕಾರಣಗಳ ಮೇಲೆ ನಿಲ್ಲಬೇಕು, ಆಮೇಲೆ ಪ್ರಮಾಣಪತ್ರದಿಂದ ಹೊಸ ಕಾರಣ ತುಂಬಿಸಲಾಗದು ಎಂದು 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪೇ ಹೇಳಿದೆ. ನಿಮ್ಮ ಲಕೋಟೆಗೆ ಇದು ನೇರ ಏಟು: ಆದೇಶದಲ್ಲಿ ಸುಳಿವೇ ಇಲ್ಲದ ಹೊಸ ಆಪಾದನೆಯನ್ನು ಗುಟ್ಟಾಗಿ ಈಗ ಸೇರಿಸುವಂತಿಲ್ಲ.

ಇನ್ನು ಕಲಂ 129, 130. ಸಾಕ್ಷ್ಯ ಅಧಿನಿಯಮ ನ್ಯಾಯಾಲಯಗಳ ಮುಂದಿನ ನ್ಯಾಯಿಕ ವ್ಯವಹರಣೆಗೆ. ಆಡಳಿತಾತ್ಮಕ ಮೇಲ್ಮನವಿ ಪ್ರಾಧಿಕಾರಕ್ಕೆ ಅದರ ತತ್ವ ಅನ್ವಯಿಸಬಹುದೇ ಹೊರತು ಕಲಂಗಳು ಅಕ್ಷರಶಃ ಅಲ್ಲ. ಅನ್ವಯಿಸುತ್ತದೆಂದೇ ಒಪ್ಪಿಕೊಳ್ಳೋಣ, ಆಗಲೂ ಇನ್‌ಸ್ಪೆಕ್ಟರ್ ಮೆಮೊ ಸಾಲದು. ಕಲಂ 129 (ಹಳೆಯ ಸಾಕ್ಷ್ಯ ಕಾಯ್ದೆಯ 123) ರಾಜ್ಯ ವ್ಯವಹಾರಕ್ಕೆ ಸೇರಿದ ಅಪ್ರಕಟಿತ ದಾಖಲೆಯ ಬಗ್ಗೆ ನಿರ್ಧಾರವನ್ನು ಇಲಾಖೆಯ ಮುಖ್ಯಸ್ಥರ ಕೈಗೆ ಕೊಡುತ್ತದೆ. ಸೋಧಿ ಸುಖದೇವ್ ಸಿಂಗ್ (1961) ಕಾಲದಿಂದಲೂ ಬಂದ ಪದ್ಧತಿ ಎಂದರೆ ಸಚಿವರು ಅಥವಾ ಇಲಾಖಾ ಮುಖ್ಯಸ್ಥರು ದಾಖಲೆಯನ್ನು ಖುದ್ದು ಓದಿ, ಬಹಿರಂಗವಾದರೆ ಆಗುವ ಹಾನಿ ಏನೆಂದು ಪ್ರಮಾಣಪತ್ರದಲ್ಲಿ ಹೇಳಬೇಕು. ರಾಜ್ ನಾರಾಯಣ್ (1975) ಪ್ರಕರಣದಲ್ಲಿ ಕೇಳಿದ್ದು ಪ್ರಧಾನಿಯ ಪ್ರವಾಸ ಕಾಲದ ಭದ್ರತಾ ಸೂಚನೆಗಳಿದ್ದ ‘ಬ್ಲೂ ಬುಕ್’. ಅಂಥದ್ದರಲ್ಲೂ ಕೊನೆಯ ಮಾತು ನ್ಯಾಯಾಲಯದ್ದೇ, ಬೇಕಾದರೆ ತಾನೇ ತೆರೆದು ನೋಡಬಹುದು ಎಂದಿತು ಸುಪ್ರೀಂ ಕೋರ್ಟ್. ಬದುವಿನ ಜಗಳದ ಕಡತ ಅದಕ್ಕಿಂತ ಗುಟ್ಟಿನದ್ದೇನಲ್ಲವಲ್ಲ.

ಎದುರು ಕಡೆಯವರಿಗೆ ನಿಜವಾಗಿ ಬಲ ಕೊಡುವುದು ಅವರು ಹೆಸರಿಸದೇ ಬಿಟ್ಟ ಕಲಂ 131. ಅಪರಾಧದ ಮಾಹಿತಿ ಯಾರಿಂದ ಬಂತು ಎಂದು ಪೊಲೀಸ್ ಅಧಿಕಾರಿಯನ್ನು ಒತ್ತಾಯಿಸಿ ಹೇಳಿಸುವಂತಿಲ್ಲ. ಆದ್ದರಿಂದ ಬಾತ್ಮೀದಾರನ ಹೆಸರಿಗಾಗಿ ಜಗ್ಗಾಡಬೇಡಿ. ಅದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ನಿಮಗೆ ಬೇಕಾದ್ದು ಆಪಾದನೆಯ ತಿರುಳು.

ಕಡತ_ವಿಭಾಗ

ಎದುರು ಮೇಜಿನಿಂದ, ಅಂದರೆ ಸರ್ಕಾರಿ ಕಡತ ನೋಡುವ ಕಡೆಯಿಂದ, ಎರಡು ಮಾತು. ಲಕೋಟೆ ತಯಾರಿಸುವವರು ಸರಿಯಾಗಿ ತಯಾರಿಸಿದರೆ ಈ ಜಗಳದ ಮುಕ್ಕಾಲು ಪಾಲು ಏಳುವುದೇ ಇಲ್ಲ. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಠಾಣೆಯಿಂದ ಬಂದ ಇಡೀ ಕಂತೆಗೆ ‘ಗೌಪ್ಯ’ ಮೊಹರು ಒತ್ತಿ ಹಾಗೇ ಕಳಿಸುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ನಾಲ್ಕು ಜಾತಿಯ ಕಾಗದ.

ಮೊದಲನೆಯದು ಎಫ್‌ಐಆರ್ ಮತ್ತು ಅದರ ಹಿಂದಿನ ಕೇಸಿನ ಕಾಗದ. ಎಫ್‌ಐಆರ್ ಗೌಪ್ಯವಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ನಿರ್ದೇಶನ ಇದೆ. ‘ಬಿ’ ರಿಪೋರ್ಟ್ ಮತ್ತು ಅದನ್ನು ಒಪ್ಪಿದ ಆದೇಶ ಮ್ಯಾಜಿಸ್ಟ್ರೇಟ್ ಕೋರ್ಟಿನ ದಾಖಲೆ, ಕಾಪಿ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆದುಕೊಳ್ಳಿ, ನಮ್ಮನ್ನು ಕಾಯಬೇಡಿ. ಆರೋಪಪಟ್ಟಿ ಆಗಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 230ರಡಿ ಆರೋಪಿಗೆ ಪ್ರತಿ ಆಗಲೇ ಸಿಕ್ಕಿರುತ್ತದೆ. ಕೇಸ್ ಡೈರಿ (ತನಿಖಾಧಿಕಾರಿ ಬರೆಯುವ ತನಿಖೆಯ ದಿನಚರಿ) ಮಾತ್ರ ಬೇರೆ, ಕಲಂ 192ರಡಿ ಅದನ್ನು ಆರೋಪಿ ಕೇಳುವ ಹಾಗಿಲ್ಲ, ಅದು ಲೈಸೆನ್ಸ್ ಕಡತಕ್ಕೆ ಬರಲೂಬಾರದು.

ಎರಡನೆಯದು ಠಾಣಾಧಿಕಾರಿಯ ವರದಿ ಮತ್ತು ಎಸ್‌ಪಿ ಕಚೇರಿಯ ಶಿಫಾರಸು ಪತ್ರ. ಆಯುಧ ಅಧಿನಿಯಮದ ಕಲಂ 13(2)ರಡಿ ಶಾಸನವೇ ಕೇಳುವ ವರದಿ ಇದು. ಇದನ್ನು ಇಡಿಯಾಗಿ ಮುಚ್ಚಿಡಲು ಕಾರಣ ಸಿಗುವುದು ಅಪರೂಪ. ಮೂರನೆಯದು ನೆರೆಹೊರೆಯವರ ಹೇಳಿಕೆಗಳು. ನಾಲ್ಕನೆಯದು ಗುಪ್ತ ಮಾಹಿತಿ ಟಿಪ್ಪಣಿ. ನಿಜವಾದ ಗೌಪ್ಯತೆಯ ಪ್ರಶ್ನೆ ಏಳುವುದು ಕೊನೆಯ ಎರಡರಲ್ಲಿ ಮಾತ್ರ.

ಆ ಎರಡನ್ನು ಹೇಗೆ ಕೊಡುವುದು? ಎರಡು ಕಂತೆ ಮಾಡಬೇಕು: ಪೂರ್ತಿ ಇರುವ ಮೂಲ, ಮತ್ತು ಮರೆಮಾಡಿದ ತೆರೆದ ಪ್ರತಿ. ಎರಡಕ್ಕೂ ಪುಟ ಸಂಖ್ಯೆ ಒಂದೇ ಇರಲಿ. ಜೊತೆಗೆ ಸೂಚಿ, ಹೀಗೆ:

“ಪುಟ 14, ಸಾಲು 3ರಿಂದ 9: ಮರೆಮಾಡಿದೆ. ಕಾರಣ: ಮಾಹಿತಿ ಮೂಲದ ಗುರುತು. ಸಾರಾಂಶ: ಅರ್ಜಿದಾರರು ಜಮೀನು ವ್ಯಾಜ್ಯದಲ್ಲಿ ಆಯುಧ ತೋರಿಸಿ ಬೆದರಿಸಿದರೆಂಬ ಆಪಾದನೆ, 2023ರ ಉತ್ತರಾರ್ಧ.”

ದಿನಾಂಕದ ಬದಲು ಅವಧಿ ಬರೆದದ್ದು ಬೇಕೆಂತಲೇ. ಹೆಸರೊಂದನ್ನು ಅಳಿಸಿದರೆ ಆಯಿತು ಅಂದುಕೊಳ್ಳುವುದೇ ದೊಡ್ಡ ತಪ್ಪು. ನಲವತ್ತು ಮನೆಯ ಊರಿನಲ್ಲಿ ‘ಸಂಜೆ ಹಾಲಿನ ಡೇರಿಯಿಂದ ಬರುವಾಗ ನೋಡಿದೆ’ ಎಂಬ ಸಾಲೇ ಸಾಕು, ಯಾರು ಹೇಳಿದ್ದು ಅಂತ ಮರುದಿನವೇ ಗೊತ್ತಾಗುತ್ತದೆ. ಸಂಬಂಧ ಸೂಚಕ ಪದ, ಸಮಯ, ನಿಂತಿದ್ದ ಜಾಗ, ಹೇಳಿಕೆಯ ಮಾತಿನ ಧಾಟಿ, ಹೆಬ್ಬೆಟ್ಟೋ ಸಹಿಯೋ ಎಂಬುದು, ಇವೆಲ್ಲ ಗುರುತು ಬಿಟ್ಟುಕೊಡುತ್ತವೆ. ಸೂಚಿಯ ಶೀರ್ಷಿಕೆಯಲ್ಲೇ ‘ಇಂಥವರ ಹೇಳಿಕೆ’ ಎಂದು ಬರೆದು ಒಳಗೆ ಹೆಸರು ಅಳಿಸಿದ ಕಡತಗಳೂ ಇರುತ್ತವೆ.

ಅಳಿಸುವ ಕೆಲಸವೂ ಸಲೀಸಲ್ಲ. ಮಾರ್ಕರ್‌ನಿಂದ ಕಪ್ಪು ಬಳಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಕಪ್ಪು ಬಳಿದ ಹಾಳೆಯ ಜೆರಾಕ್ಸ್ ತೆಗೆದು ಆ ಜೆರಾಕ್ಸನ್ನೇ ಕೊಡಬೇಕು, ಅದನ್ನೂ ಬೆಳಕಿಗೆ ಹಿಡಿದು ನೋಡಿ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಕೆಳಗಿನ ಅಕ್ಷರ ಹಾಗೇ ಉಳಿದಿರುತ್ತದೆ, ಆಯ್ದು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಪೂರ್ತಿ ಬಂದುಬಿಡುತ್ತದೆ. ಮುದ್ರಿಸಿ, ಬಳಿದು, ಚಿತ್ರವಾಗಿ ಸ್ಕ್ಯಾನ್ ಮಾಡುವುದೇ ಕ್ಷೇಮ. ಫೈಲಿನ ಹೆಸರನ್ನೂ ನೋಡಿಕೊಳ್ಳಿ.

ಪರವಾನಗಿ_ಪ್ರಶ್ನೆ

ಒಂದು ಪುಟ್ಟ ಸೇರ್ಪಡೆ. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಲೈಸೆನ್ಸ್ ಪ್ರಾಧಿಕಾರ ಕಮಿಷನರೇ. ಅಲ್ಲಿ ವರದಿ ಬರೆಯುವವರೂ ಅದೇ ಇಲಾಖೆ, ತೀರ್ಮಾನಿಸುವವರೂ ಅದೇ ಇಲಾಖೆ. ಅಂಥ ಕಡೆ ವರದಿಯನ್ನು ತೋರಿಸದಿದ್ದರೆ ಸ್ವತಂತ್ರವಾಗಿ ಬುದ್ಧಿ ಪ್ರಯೋಗಿಸಿದ್ದಾರೋ ಇಲ್ಲವೋ ಎಂದು ಅಳೆಯಲು ಏನೂ ಉಳಿಯುವುದಿಲ್ಲ, ಈ ವಾದವನ್ನು ಪ್ರತ್ಯೇಕವಾಗಿ ಎತ್ತಬಹುದು. ಜಿಲ್ಲಾ ದಂಡಾಧಿಕಾರಿಗಳಾದರೆ ಕಡತ ಎರಡು ಇಲಾಖೆ ದಾಟಿ ಬಂದಿರುತ್ತದೆ, ಹಾಗಾಗಿ ಟಿಪ್ಪಣಿ ಹಾಳೆಯಲ್ಲಿ ಕಂದಾಯ ಕಚೇರಿಯ ಅಭಿಪ್ರಾಯವೂ ಇರುತ್ತದೆ. ಅದು ಪೊಲೀಸ್ ದಾಖಲೆಯೇ ಅಲ್ಲ. ಅದನ್ನೂ ಕೇಳಿ.

ಕಿರಿಯ_ವಕೀಲ

ಎಲ್ಲರಿಗೂ ಧನ್ಯವಾದ ಸರ್. ಕಲಂ 14(3)ರ ಬೇಡಿಕೆ ಪತ್ರ ಕೊಟ್ಟಿರಲಿಲ್ಲ, ಈಗ ಕೊಡುತ್ತೇವೆ. ಎದುರು ಕಡೆಯವರು ‘ನಾವು ಲಕೋಟೆಯಲ್ಲಿರುವ ಟಿಪ್ಪಣಿಯನ್ನು ಅವಲಂಬಿಸುವುದೇ ಇಲ್ಲ, ಪ್ರಾಧಿಕಾರದ ಮಾಹಿತಿಗಷ್ಟೇ’ ಎಂದರೆ? ಮತ್ತೆ ಆರ್‌ಟಿಐ?

ಮಾಹಿತಿ_ಹಕ್ಕು_10ರೂ

ಆರ್‌ಟಿಐ ಬಗ್ಗೆ ನಾನು ಹೇಳುತ್ತೇನೆ. ಹಾಕಿ, ಆದರೆ ಅದನ್ನು ನಂಬಿ ಮೇಲ್ಮನವಿಯಲ್ಲಿ ಮುಂದೂಡಿಕೆ ಕೇಳಬೇಡಿ. ಉತ್ತರಕ್ಕೆ 30 ದಿನ, ಸಿಗದಿದ್ದರೆ ಮೊದಲ ಮೇಲ್ಮನವಿ ಹಾಕಲು 30 ದಿನ, ಆಮೇಲೆ ಮಾಹಿತಿ ಆಯೋಗಕ್ಕೆ ಹೋಗಲು 90 ದಿನ. ಆಯೋಗದಲ್ಲಿ ಸರದಿ ಬರುವ ಹೊತ್ತಿಗೆ ನಿಮ್ಮ ಪ್ರಕರಣ ಮುಗಿದಿರುತ್ತದೆ.

ಕರ್ನಾಟಕದಲ್ಲಿ ನಮೂನೆ ‘ಎ’, ಶುಲ್ಕ 10 ರೂ., ಪ್ರತಿ ಪುಟಕ್ಕೆ 2 ರೂ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಈ ಮಿತಿಯಿಂದಾಗಿಯೇ ಅನೇಕ ಅರ್ಜಿಗಳು ಬಾಗಿಲಲ್ಲೇ ವಾಪಸ್ ಬರುತ್ತವೆ. ಪೊಲೀಸ್ ಠಾಣೆಗಿಂತ ಲೈಸೆನ್ಸ್ ಕಡತ ಇರುವ ಜಿಲ್ಲಾಧಿಕಾರಿ ಕಚೇರಿಗೆ ಹಾಕುವುದು ಒಳ್ಳೆಯದು. ಕೇಳಬೇಕಾದ್ದು ಮೂರೇ: ಟಿಪ್ಪಣಿ ಹಾಳೆಗಳು, ಕಲಂ 13(2)ರ ವರದಿ, ಕಡತದ ಪುಟವಾರು ಸೂಚಿ.

ನಿರಾಕರಣೆಗೆ ಅವರು ಎತ್ತುವುದು ಸಾಮಾನ್ಯವಾಗಿ ಆರ್‌ಟಿಐ ಕಾಯ್ದೆಯ ಕಲಂ 8(1)(ಹೆಚ್), ಅಂದರೆ ತನಿಖೆಗೆ ಅಡ್ಡಿ. ತನಿಖೆ ಇದೆ ಎಂಬ ಮಾತ್ರಕ್ಕೆ ಸಾಲದು, ಬಹಿರಂಗವಾದರೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2007ರ ಭಗತ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ನಿಮ್ಮ ಪ್ರಕರಣದಲ್ಲಿ ‘ಬಿ’ ರಿಪೋರ್ಟ್ ಒಪ್ಪಿಯಾಗಿದೆ, ಅಡ್ಡಿಯಾಗಲು ತನಿಖೆಯೇ ಉಳಿದಿಲ್ಲ. ಗಟ್ಟಿಯಾಗಿ ನಿಲ್ಲುವುದು 8(1)(ಜಿ): ಜೀವಕ್ಕೆ ಅಪಾಯ ಅಥವಾ ವಿಶ್ವಾಸದಿಂದ ಮಾಹಿತಿ ಕೊಟ್ಟವರ ಗುರುತು ಬಯಲಾಗುವ ಸಂದರ್ಭ. ಅದಕ್ಕೂ ಕಲಂ 10ರ ಬೇರ್ಪಡಿಸುವಿಕೆ ಇದೆ, ಗುರುತಿನ ಭಾಗ ತೆಗೆದು ಉಳಿದದ್ದನ್ನು ಕೊಡಲೇಬೇಕು. ರಾಜ್ಯ ಸರ್ಕಾರ ಕಲಂ 24(4)ರಡಿ ಹೊರಗಿಟ್ಟಿರುವ ಗುಪ್ತಚರ ಘಟಕದ ಕಾಗದವಾದರೆ, ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆಪಾದನೆ ಇಲ್ಲದೆ ಏನೂ ಸಿಗದು.

ಆರ್‌ಟಿಐನ ನಿಜವಾದ ಲಾಭ ಬೇರೆ. ನಿರಾಕರಣೆ ಉತ್ತರದಲ್ಲಿ ‘ಪುಟ 1ರಿಂದ 22’ ಅಂತಲೋ ‘ದಿನಾಂಕ ಇಂಥದ್ದರ ಟಿಪ್ಪಣಿ’ ಅಂತಲೋ ಬರೆದಿರುತ್ತಾರೆ. ಕಡತದಲ್ಲಿ ಏನೇನಿದೆ ಎಂಬ ಪಟ್ಟಿ ನಿಮಗೆ ಸಿಕ್ಕಂತಾಯಿತು.

ರಿಟ್_ರಾಯರು

‘ಅವಲಂಬಿಸುವುದಿಲ್ಲ, ಮಾಹಿತಿಗಷ್ಟೇ’ ಅನ್ನುವುದಕ್ಕೆ ಉತ್ತರ ಟಿ. ಟಕಾನೋ ವಿರುದ್ಧ ಸೆಬಿ (ಷೇರು ಮಾರುಕಟ್ಟೆ ನಿಯಂತ್ರಕ), 2022ರ ಸುಪ್ರೀಂ ಕೋರ್ಟ್ ತೀರ್ಪು. ಅವಲಂಬಿಸಿಲ್ಲ ಎಂದು ಪ್ರಾಧಿಕಾರ ತಾನೇ ಹೇಳಿಕೊಂಡರೆ ಸಾಲದು, ತೀರ್ಮಾನಕ್ಕೆ ಸಂಬಂಧಪಟ್ಟ ದಾಖಲೆಯಾದರೆ ತೋರಿಸಬೇಕು. ಮೂರನೆಯವರ ಖಾಸಗಿ ಮಾಹಿತಿ ಇತ್ಯಾದಿಯನ್ನು ಮರೆಮಾಡಬಹುದು, ಇಡೀ ವರದಿಯನ್ನಲ್ಲ. ಅದು ಷೇರು ಮಾರುಕಟ್ಟೆಯ ಪ್ರಕರಣ ಅಂತ ಎದುರು ಕಡೆಯವರು ಹೇಳುತ್ತಾರೆ, ಹೇಳಲಿ. ವಿರುದ್ಧ ತೀರ್ಮಾನಿಸುವ ಮುನ್ನ ವಾದ ಕೇಳಬೇಕೆಂಬ ಸಹಜ ನ್ಯಾಯದ ತತ್ವ ಮಾರುಕಟ್ಟೆಗೆ ಒಂದು, ಬಂದೂಕಿಗೆ ಒಂದು ಇಲ್ಲ. ಅಥವಾ ಇನ್ನೂ ಸರಳ ದಾರಿ: ಅವಲಂಬಿಸುವುದಿಲ್ಲ ಎಂದಾದರೆ ಲಕೋಟೆಯನ್ನು ವಾಪಸ್ ತೆಗೆದುಕೊಳ್ಳಲಿ ಎಂದು ಆದೇಶ ಹಾಳೆಯಲ್ಲಿ ದಾಖಲಿಸಲು ಕೇಳಿ. ಪ್ರಾಧಿಕಾರ ಒಮ್ಮೆ ಓದಿದ್ದನ್ನು ಮನಸ್ಸಿನಿಂದ ತೆಗೆಯಲಾಗದು, ಆದ್ದರಿಂದ ಲಕೋಟೆ ಒಡೆಯುವ ಮುಂಚೆಯೇ ಈ ಅರ್ಜಿ ಹೋಗಬೇಕು.

ಇನ್ನು ಮುಖ್ಯವಾದದ್ದು ಮಾಧ್ಯಮಂ ಬ್ರಾಡ್‌ಕಾಸ್ಟಿಂಗ್ ತೀರ್ಪು, 5 ಏಪ್ರಿಲ್ 2023. ಮಲಯಾಳಂ ಸುದ್ದಿವಾಹಿನಿ ಮೀಡಿಯಾ ಒನ್‌ಗೆ ಗೃಹ ಸಚಿವಾಲಯ ಭದ್ರತಾ ಅನುಮತಿ ಕೊಡಲಿಲ್ಲ, ಪರವಾನಗಿ ನವೀಕರಣ ಆಗಲಿಲ್ಲ. ಕೇರಳ ಹೈಕೋರ್ಟ್ ಲಕೋಟೆ ನೋಡಿ ಸರ್ಕಾರದ ಪರ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸಹಜ ನ್ಯಾಯವನ್ನು ಮೊಟಕುಗೊಳಿಸುವವರೇ ಅದಕ್ಕೆ ತಕ್ಕ ಕಾರಣ ತೋರಿಸಬೇಕು, ಮೊಟಕುಗೊಳಿಸಿದ್ದು ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಇಡೀ ದಾಖಲೆ ಮುಚ್ಚುವ ಮುನ್ನ ಮರೆಮಾಡಿ ಕೊಡುವುದು, ಸಾರಾಂಶ ಕೊಡುವುದು ಇಂಥ ಕಡಿಮೆ ಕಠಿಣ ದಾರಿಗಳನ್ನು ನೋಡಬೇಕು. ನಿಮ್ಮದೂ ನವೀಕರಣ, ಅವರದ್ದೂ ನವೀಕರಣ, ಈ ಹೋಲಿಕೆಯನ್ನು ಬಿಡಬೇಡಿ.

ಎದುರು_ವಾದ

ರಾಯರು ಚಿತ್ರದ ಒಂದು ಬದಿ ಹೇಳಿದರು. ಎಕ್ಸ್-ಆರ್ಮಿಮೆನ್ಸ್ (2014), ಡಿಜಿ ಕೇಬಲ್ (2019) ತೀರ್ಪುಗಳು ರಾಷ್ಟ್ರೀಯ ಭದ್ರತೆಯ ಪ್ರಶ್ನೆ ಬಂದಾಗ ಸಹಜ ನ್ಯಾಯವನ್ನು ಬದಿಗಿಡಬಹುದು ಎಂದಿದ್ದವು. ಮಾಧ್ಯಮಂ ತೀರ್ಪು ಅವುಗಳನ್ನು ವಿವರಿಸಿತೇ ಹೊರತು ಅಳಿಸಿಹಾಕಲಿಲ್ಲ. ವಿಮಾನ ನಿಲ್ದಾಣಗಳ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿ ಸೆಲೆಬಿಯ ಭದ್ರತಾ ಅನುಮತಿ ರದ್ದತಿಯನ್ನು ದೆಹಲಿ ಹೈಕೋರ್ಟ್ ಜುಲೈ 2025ರಲ್ಲಿ ಎತ್ತಿಹಿಡಿದದ್ದು ಮಾಧ್ಯಮಂ ಬಂದ ಮೇಲೆಯೇ. ಗಡೀಪಾರು ಪ್ರಕರಣಗಳಲ್ಲಂತೂ ಆಪಾದನೆಗಳ ಸ್ಥೂಲ ಸ್ವರೂಪ ತಿಳಿಸಿದರೆ ಸಾಕು, ಹೆದರಿದ ಸಾಕ್ಷಿಗಳ ವಿವರ ಬೇಕಿಲ್ಲ ಎಂದು 1973ರ ಪಂಢರಿನಾಥ್ ರಂಗ್ನೇಕರ್ ತೀರ್ಪಿನಿಂದಲೂ ನಡೆದುಬಂದಿದೆ. ಹಾಗಾಗಿ ‘ಲಕೋಟೆಯೇ ಕಾನೂನುಬಾಹಿರ’ ಎಂದು ವಾದಿಸಲು ಹೊರಟರೆ ಸೋಲುತ್ತೀರಿ.

ನಿಮಗೆ ಗೆಲುವು ಇರುವ ಜಾಗ ಇದು: ಈ ಆದೇಶದಲ್ಲಿ ರಾಷ್ಟ್ರೀಯ ಭದ್ರತೆಯ ಮಾತೇ ಇಲ್ಲ, ಇರುವುದು ಸಾರ್ವಜನಿಕ ಶಾಂತಿ. ಗಡೀಪಾರಿನಲ್ಲೂ ಸ್ಥೂಲ ಸ್ವರೂಪ ತಿಳಿಸಲೇಬೇಕು, ನಿಮಗೆ ಅಷ್ಟೂ ಸಿಕ್ಕಿಲ್ಲ. ಅಷ್ಟಕ್ಕೇ ಹಟ ಹಿಡಿಯಿರಿ.

ಮಾಧ್ಯಮಂನಲ್ಲಿ ಸೂಚಿಸಿದ ಅಮಿಕಸ್ ಕ್ಯೂರಿ (ನ್ಯಾಯಾಲಯಕ್ಕೆ ನೆರವಾಗಲು ನೇಮಿಸಿದ ವಕೀಲ) ವ್ಯವಸ್ಥೆಯನ್ನು ಮೇಲ್ಮನವಿ ಪ್ರಾಧಿಕಾರದ ಮುಂದೆ ಕೇಳಿ ಪ್ರಯೋಜನವಿಲ್ಲ, ಅದು ನ್ಯಾಯಾಲಯಗಳಿಗೆ ಹೇಳಿದ್ದು. ಹೈಕೋರ್ಟಿಗೆ ಹೋದರೆ ನೆನಪಿಟ್ಟುಕೊಳ್ಳಿ: ಅಮಿಕಸ್ ದಾಖಲೆ ನೋಡುವ ಮೊದಲು ನಿಮ್ಮ ಕಕ್ಷಿದಾರರ ಜೊತೆ ಮಾತನಾಡಬಹುದು, ನೋಡಿದ ಮೇಲೆ ಆಗದು. ಹಾಗಾಗಿ ಊರಿನ ವ್ಯಾಜ್ಯ, ಯಾರಿಗೆ ದ್ವೇಷ, ಯಾವ ದಿನ ಎಲ್ಲಿದ್ದರು ಎಂಬುದೆಲ್ಲವನ್ನೂ ಮೊದಲೇ ಬರೆದು ಕೊಟ್ಟಿರಬೇಕು.

ರಿಟ್_ರಾಯರು

ಒಪ್ಪಿದೆ, ಲಕೋಟೆಯೇ ತಪ್ಪು ಎಂಬ ವಾದ ಬೇಡ. ಮಧ್ಯಂತರ ಅರ್ಜಿಯ ಬೇಡಿಕೆ ಹೀಗಿರಲಿ, ತಿದ್ದಿಕೊಳ್ಳಿ:

“ಪ್ರತಿವಾದಿಯು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಿರುವ ದಾಖಲೆಗಳ ಪುಟವಾರು ಸೂಚಿಯನ್ನು ಕೊಡಲು, ಕಲಂ 13(2)ರ ವರದಿಯನ್ನು, ಮಾಹಿತಿ ನೀಡಿದವರ ಗುರುತು ತಿಳಿಸುವ ಭಾಗಗಳನ್ನಷ್ಟೇ ಮರೆಮಾಡಿ ಕೊಡಲು, ಪೂರ್ತಿ ಮರೆಮಾಡಿದ ಪ್ರತಿ ಪುಟಕ್ಕೂ ಆಪಾದನೆಯ ಸಾರಾಂಶ ಕೊಡಲು, ಉತ್ತರಿಸಲು 15 ದಿನ ಕಾಲಾವಕಾಶ ಕೊಡಲು, ಅಲ್ಲಿಯವರೆಗೆ ಲಕೋಟೆಯನ್ನು ತೆರೆಯದಿರಲು ಆದೇಶಿಸಬೇಕಾಗಿ ಪ್ರಾರ್ಥನೆ.”

ಇದರ ಜೊತೆಗೆ ಒಂದು ಪ್ಯಾರಾ ಹಾನಿಯ ಬಗ್ಗೆ ಬರೆಯಲೇಬೇಕು. ಸಹಜ ನ್ಯಾಯ ತಪ್ಪಿತು ಎಂದಷ್ಟೇ ಹೇಳಿದರೆ ಈಗ ಸಾಲದು, ಅದರಿಂದ ನಿಜವಾಗಿ ಏನು ನಷ್ಟವಾಯಿತೆಂದು ತೋರಿಸಬೇಕು ಎನ್ನುವುದು 2020ರ ಸುಧೀರ್ ಕುಮಾರ್ ಸಿಂಗ್ ತೀರ್ಪು. ವರದಿ ಆ ಎಫ್‌ಐಆರ್ ಆಧರಿಸಿದ್ದರೆ ‘ಬಿ’ ರಿಪೋರ್ಟ್ ಒಪ್ಪಿದ ಆದೇಶ ತೋರಿಸುತ್ತಿದ್ದೆವು, ನೆರೆಯವರ ಹೇಳಿಕೆ ಆಧರಿಸಿದ್ದರೆ ಆ ನೆರೆಯವರ ಜೊತೆಗಿನ ಸಿವಿಲ್ ದಾವೆಯ ದಾಖಲೆ ತೋರಿಸುತ್ತಿದ್ದೆವು, ಹೀಗೆ ಕಾಗದ ಹೆಸರಿಸಿ ಬರೆಯಿರಿ.

ಪ್ರಾಧಿಕಾರ ಬಾಯಿಮಾತಿನಲ್ಲಿ ಬೇಡ ಎಂದರೆ ಒಪ್ಪಬೇಡಿ, ಅರ್ಜಿ ವಜಾ ಎಂದು ಆದೇಶ ಹಾಳೆಯಲ್ಲಿ ಬರಲಿ, ಅದರ ಪ್ರತಿ ಇಲ್ಲದೆ ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ಹಿಡಿತ ಸಿಗದು. ಮೇಲ್ಮನವಿ ಬಾಕಿ ಇರುವಾಗಲೇ ಹೈಕೋರ್ಟಿಗೆ ಹೋಗಲು ಸಹಜ ನ್ಯಾಯದ ಉಲ್ಲಂಘನೆ ಒಂದು ಅಪವಾದ, ವರ್ಲ್‌ಪೂಲ್ (1998) ನೋಡಿ. ಆದರೂ ಈ ಹಂತದಲ್ಲಿ ಹೋದರೆ ‘ಅಲ್ಲೇ ಕೇಳಿ’ ಎಂದು ವಾಪಸ್ ಕಳಿಸುವ ಸಂಭವವೇ ಹೆಚ್ಚು.

ಪರವಾನಗಿ_ಪ್ರಶ್ನೆ

ಇಷ್ಟೆಲ್ಲದರ ನಡುವೆ ಬಂದೂಕು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ನಿರಾಕರಣೆ ಆದೇಶಕ್ಕೆ ತಡೆ ಸಿಗುವುದಿಲ್ಲ, ಪ್ರಾಧಿಕಾರ ಪ್ರತ್ಯೇಕವಾಗಿ ತಡೆ ಕೊಡಬೇಕು. ಅಲ್ಲಿಯವರೆಗೆ ಮನೆಯಲ್ಲಿಟ್ಟುಕೊಂಡರೆ ಲೈಸೆನ್ಸ್ ಇಲ್ಲದ ಆಯುಧ, ಹೊಸದೊಂದು ಎಫ್‌ಐಆರ್‌ಗೆ ದಾರಿ. ಆಯುಧ ಅಧಿನಿಯಮದ ಕಲಂ 21ರಡಿ ಠಾಣೆಯಲ್ಲೋ ಪರವಾನಗಿ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು, ನಳಿಕೆಯ ಮೇಲಿನ ಸಂಖ್ಯೆ ಮತ್ತು ತೋಟಾಗಳ ಲೆಕ್ಕ ಬರೆಸಿದ ರಸೀದಿ ತೆಗೆದುಕೊಳ್ಳಲಿ. ಆ ರಸೀದಿಯ ಪ್ರತಿಯನ್ನು ಮಧ್ಯಂತರ ಅರ್ಜಿಯ ಜೊತೆಗೇ ಲಗತ್ತಿಸಿ. ಆಯುಧ ಠೇವಣಿಯಲ್ಲಿದೆ ಎಂದಾದರೆ ಶಾಂತಿಗೆ ತಕ್ಷಣದ ಅಪಾಯ ಎಂಬ ಕಾರಣ ಹೇಳಿ ನಿಮ್ಮ 15 ದಿನವನ್ನು ನಿರಾಕರಿಸಲು ಅವರಿಗೆ ಆಸ್ಪದ ಇರುವುದಿಲ್ಲ.